ಕೂಸು ಮಲಗಿಸಲು ಯಾವ ಹಾಡು? ತೊಟ್ಟಿಲ ಪದ, ವಚನ, ಲೋರಿ, ಸಿನಿಮಾ ಹಾಡು, ಮೊಬೈಲು

ನಮ್ಮ ಕಲಬುರಗಿ ಕಡೆ ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ಹೆಣ್ಣುಮಗಳಿಗೆ ಮೊದಲ ವಾರದಲ್ಲೇ ಒಂದು ಪೇಚು ಕಾದಿರುತ್ತದೆ. ತವರಿನಲ್ಲಿ ಅಜ್ಜಿ ಹಾಡುತ್ತಿದ್ದಳು, ಕೂಸು ಮಲಗುತ್ತಿತ್ತು. ಇಲ್ಲಿ ಅತ್ತೆ ವಚನ ಹೇಳುತ್ತಾರೆ, ಗಂಡನಿಗೆ ಬರುವುದು ಸಿನಿಮಾ ಹಾಡು, ನಾದಿನಿ ಮೊಬೈಲು ಹಚ್ಚಿ ತೊಟ್ಟಿಲ ಬದಿಗೆ ಇಟ್ಟು ಹೋಗುತ್ತಾಳೆ. ಪಕ್ಕದ ಮನೆಯ ಖಾಲಾ ಬಂದು ಲೋರಿ, ಅಂದರೆ ಉರ್ದು ಜೋಗುಳ, ಹಾಡಿದರೆ ಕೂಸು ಅವರ ತೊಡೆಯ ಮೇಲೇ ನಿದ್ದೆ ಹೋಗುತ್ತದೆ. ಹಾಗಾದರೆ ಯಾವುದನ್ನು ಹಿಡಿಯಬೇಕು?

ಹಾಡಿನ ಜಾತಿ ನೋಡಿ ಆರಿಸಿದರೆ ಕೆಡುತ್ತೀರಿ ಎನ್ನುವುದು ನನ್ನ ಅಭಿಪ್ರಾಯ. ನೋಡಬೇಕಾದದ್ದು ಒಂದೇ: ಹಾಡು ಕರಗುತ್ತದೆಯೇ? ದೀಪ ಆರಿಸಿದ ಮೇಲೆ, ಒಂದು ಕೈ ತೊಟ್ಟಿಲ ಹಗ್ಗದ ಮೇಲಿದ್ದಾಗ, ಚೀಟಿ ನೋಡದೆ ಹಾಡಲು ಬರಬೇಕು. ಪ್ರತಿ ಸುತ್ತಿಗೂ ಲಯ ಇನ್ನಷ್ಟು ನಿಧಾನವಾಗಬೇಕು. ಶಬ್ದಗಳು ಒಂದೊಂದಾಗಿ ಉದುರಿ ಕೊನೆಗೆ ಬರೀ ‘ಜೋ ಜೋ’ ಉಳಿಯಬೇಕು, ಆಮೇಲೆ ಅದೂ ಹೋಗಿ ಮೂಗಿನ ಗುನುಗಷ್ಟೇ ಆಗಬೇಕು. ಇದಕ್ಕೆ ಒಗ್ಗುವ ಹಾಡು ಗೆಲ್ಲುತ್ತದೆ. ಒಗ್ಗದ ಹಾಡು ಎಷ್ಟೇ ಇಂಪಾಗಿದ್ದರೂ ಕೂಸಿನ ಕಣ್ಣು ಅರಳಿಸುತ್ತದೆ.

ಭಾಷೆಯ ಚಿಂತೆಯನ್ನು ಮೊದಲ ವರ್ಷ ಬದಿಗಿಡಬಹುದು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ಅವು ಎಂದೂ ಕೇಳದ ಟರ್ಕಿ ಭಾಷೆಯ ಹಾಡು ಕೇಳಿಸಿದರು. ಹಾಡು ಕೇಳಿದ ಕೂಸುಗಳು ಅಳು ತೆಗೆಯುವ ಮುನ್ನ ಸುಮಾರು 9 ನಿಮಿಷ ಸಮಾಧಾನವಾಗಿದ್ದವು. ಮುದ್ದು ಮಾತು ಕೇಳಿದವು ಸುಮಾರು 4 ನಿಮಿಷಕ್ಕೇ ಮುಖ ಸಿಂಡರಿಸಿದವು. 2020ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಬೇರೆ ಬೇರೆ ದೇಶಗಳ ಜೋಗುಳಗಳನ್ನು ಅಮೆರಿಕದ ಕೂಸುಗಳಿಗೆ ಕೇಳಿಸಿ ನೋಡಿದರು. ಅರ್ಥ ಆಗದಿದ್ದರೂ ಜೋಗುಳಕ್ಕೆ ಎದೆಬಡಿತ ನಿಧಾನವಾಯಿತು, ಬೇರೆ ಹಾಡುಗಳಿಗೆ ಅಷ್ಟು ಆಗಲಿಲ್ಲ. ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಒಂದೇ ಓಣಿಯಲ್ಲಿರುವ ನಮ್ಮ ಊರುಗಳಿಗೆ ಇದು ನೆಮ್ಮದಿಯ ಸುದ್ದಿ. ಖಾಲಾ ಹಾಡಿದರೆ ಕೂಸು ಯಾಕೆ ಮಲಗಿತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಟ್ಟಿಲ ಪದ

ಕರಗುವ ಪರೀಕ್ಷೆಯಲ್ಲಿ ನಮ್ಮ ತೊಟ್ಟಿಲ ಪದಗಳ ಛಂದಸ್ಸಾದ ತ್ರಿಪದಿಗೆ ಸರಿಸಾಟಿ ಇಲ್ಲ. ಇದು ಊರಭಿಮಾನದ ಮಾತಲ್ಲ, ಅದರ ಕಟ್ಟೋಣವೇ ಹಾಗಿದೆ. ಮೂರು ಸಾಲು. ಮೊದಲ ಸಾಲಿನಲ್ಲಿ ನಾಲ್ಕು ಗಣ (ಲಯದ ತುಂಡು), ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರೇ. ಎರಡನೇ ಸಾಲಿನ ನಡುವೆ ಒಂದು ಗಿಡ್ಡ ಗಣ, ಮೂರನೇ ಸಾಲಿನ ನಡುವೆ ಇನ್ನೊಂದು. ಆ ಗಿಡ್ಡ ಗಣ ಬಂದಾಗ ದನಿ ತಾನಾಗಿ ತುಸು ತಡೆಯುತ್ತದೆ, ಮೂರನೇ ಸಾಲು ಬೇಗ ಇಳಿದು ನಿಲ್ಲುತ್ತದೆ. ಏರಿ, ತಡೆದು, ಇಳಿಯುವ ಈ ನಡೆ ತೊಟ್ಟಿಲು ಹೋಗಿ ಬರುವುದಕ್ಕೆ ಸರಿಯಾಗಿ ಕೂಡುತ್ತದೆ. ಹಾಡುವಾಗ ಎರಡನೇ ಸಾಲನ್ನು ಎರಡು ಸಲ ಅಂದು ಮೂರನೆಯದಕ್ಕೆ ಬರುವುದು ರೂಢಿ. ಹೀಗಾಗಿ ಮುಂದಿನ ಪದ ನೆನಪಿಸಿಕೊಳ್ಳಲು ಹಾಡುವವಳಿಗೂ ಬಿಡುವು ಸಿಗುತ್ತದೆ.

ನಾನೇ ಕಟ್ಟಿದ ಒಂದನ್ನು ಇಟ್ಟುಕೊಂಡು ನೋಡೋಣ:

ತೊಗರೀಯ ಹೊಲದಾಗ ಮುಗಿಲೀನ ನೆಳ್ಳಾಗ
ನಗತಾನ ಕಂದ ಜೋಲ್ಯಾಗ – ನನ ರಾಜ
ಮುಗಿಸೇನು ಕೆಲಸ ಮಲಗಯ್ಯ

‘ನನ ರಾಜ’ ಇರುವ ಜಾಗ ಗಮನಿಸಿ. ಅದು ಎರಡನೇ ಸಾಲಿನ ಬಾಲ, ಮೂರನೇ ಸಾಲಿನ ತಲೆ. ಅಲ್ಲಿ ನಿಮ್ಮ ಕೂಸಿನ ಹೆಸರು ಕೂಡಿಸಬಹುದು. ಹೆಣ್ಣು ಕೂಸಾದರೆ ‘ನಗತಾಳ’, ‘ನನ ರಾಣಿ’, ‘ಮಲಗವ್ವ’ ಎಂದರೆ ಲಯ ಕೂದಲೆಳೆಯಷ್ಟೂ ಅಲುಗುವುದಿಲ್ಲ. ತೊಗರಿ ಇಲ್ಲದ ಊರಿನವರು ಹತ್ತಿ ಹೊಲ, ಭತ್ತದ ಗದ್ದೆ ಏನು ಬೇಕಾದರೂ ತರಲಿ. ಪ್ರತಿ ಪದವೂ ತನ್ನಷ್ಟಕ್ಕೆ ಪೂರ್ತಿ, ಆದ್ದರಿಂದ ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ, ಎಲ್ಲಿ ಬಿಟ್ಟರೂ ನಡೆಯುತ್ತದೆ. ಕೂಸು ಎರಡನೇ ಪದಕ್ಕೇ ಮಲಗಿತೆಂದರೆ ಹಾಡು ಅರ್ಧಕ್ಕೆ ನಿಂತಂತೆ ಅನ್ನಿಸುವುದಿಲ್ಲ. ಧಾಟಿಯೂ ನಾಲ್ಕೈದು ಸ್ವರದೊಳಗೇ ಸುಳಿಯುವಂಥದ್ದು, ಕಂಠ ಚೆನ್ನಾಗಿಲ್ಲ ಎನ್ನುವವರಿಗೂ ದಕ್ಕುತ್ತದೆ.

ಈ ಪದಗಳಿಗೆ ಮೂಲ ಜಾಗ ತೊಟ್ಟಿಲು ಮಾತ್ರ ಆಗಿರಲಿಲ್ಲ. ನಸುಕಿನಲ್ಲಿ ಜೋಳ ಬೀಸುವಾಗ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಬೀಸುತ್ತಿದ್ದರು. ಬೀಸುಕಲ್ಲಿನ ಗರಗರ, ತೊಡೆಯ ಅಲುಗಾಟ, ಮೇಲೆ ಹಾಡು. ಬೀಸುವ ಪದಕ್ಕೂ ತೊಟ್ಟಿಲ ಪದಕ್ಕೂ ಧಾಟಿ ಹಂಚಿಕೆಯಾದದ್ದು ಹೀಗೆ. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಪದಗಳಿಗೆ ದಿನಾ ನೀರೆರೆಯುವ ಕೆಲಸ ಇಲ್ಲದಾಯಿತು. ಇಂದಿನ ತಾಯಂದಿರಿಗೆ ಎರಡು ಮೂರು ಪದಕ್ಕಿಂತ ಹೆಚ್ಚು ಬಾರದಿರುವುದಕ್ಕೆ ಅವರನ್ನು ದೂರಿ ಫಲವಿಲ್ಲ. ಎರಡು ಮೂರೇ ಸಾಕು ಕೂಡ. ಕೂಸಿಗೆ ಹೊಸದು ಬೇಡ, ನಿನ್ನೆಯದೇ ಬೇಕು.

ಹಳೆಯ ಪದಗಳಲ್ಲಿ ಒಂದು ತೊಡಕು ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಂಡು ಕೂಸಿಗೆ ರಾಜ್ಯವನ್ನೇ ಕೊಟ್ಟು, ಹೆಣ್ಣು ಕೂಸಿಗೆ ಅತ್ತೆಮನೆಯ ಬುದ್ಧಿವಾದ ಹೇಳುವ ಪದಗಳು ಕಡಿಮೆಯಿಲ್ಲ. ಕೂಸಿಗೆ ವರ್ಷ ತುಂಬುವವರೆಗೆ ಅದು ಬರೀ ಸದ್ದು. ಆಮೇಲೆ ಮಾತು ತಲೆಗೆ ಇಳಿಯತೊಡಗುತ್ತದೆ. ಆಗ ಎಗ್ಗಿಲ್ಲದೆ ಶಬ್ದ ಬದಲಿಸಿ ಹಾಡಿ. ಜಾನಪದ ಇರುವುದೇ ಹಾಡುವವಳ ಬಾಯಿಗೆ ತಕ್ಕಂತೆ ಬದಲಾಗಲು.

ಇನ್ನೊಂದು ಎಚ್ಚರ. ನಾಮಕರಣದ ದಿನ ತೊಟ್ಟಿಲ ಸುತ್ತ ಹೆಂಗಸರು ಕೂಡಿ ಹಾಡುವುದು ಬೇರೆ ಜಾತಿಯ ಹಾಡು. ಬಸವ ಜಯಂತಿಯಂದು ಬಾಲಬಸವಣ್ಣನ ತೊಟ್ಟಿಲು ತೂಗುವಾಗಿನದೂ ಅದೇ ಬಗೆ. ಬೀದರ್, ಭಾಲ್ಕಿ, ಔರಾದ್ ಕಡೆಯ ಮರಾಠಿ ಮನೆಗಳ ಪಾಳಣಾ ಅಂತೂ ಮೊದಲನೆಯ ದಿನ, ಎರಡನೆಯ ದಿನ ಎಂದು ಒಂದೊಂದು ದಿನಕ್ಕೆ ಒಂದೊಂದು ನುಡಿ ಹೇಳುತ್ತ ಸಾಗುತ್ತದೆ. ಅವು ಮಂದಿ ಸೇರಿದಾಗಿನ ಸಂಭ್ರಮಕ್ಕೆ ಹುಟ್ಟಿದವು. ದನಿ ಎತ್ತಿ, ಚಪ್ಪಾಳೆ ತಟ್ಟಿ ಹಾಡುವಂಥವು. ರಾತ್ರಿಗೆ ಅದರ ಪಲ್ಲವಿಯೊಂದನ್ನೇ ಉಳಿಸಿಕೊಂಡು ನಿಧಾನ ಮಾಡಿದರೆ ಸಾಕು, ಪೂರ್ತಿ ಹಾಡಲು ಹೋಗಬೇಡಿ.

ವಚನ, ತತ್ವಪದ, ಭಜನೆ

ಬಸವಕಲ್ಯಾಣ ಇರುವ ಸೀಮೆಯಲ್ಲಿ ಕೂಸಿಗೆ ವಚನ ಹಾಡುವವರು ಬಹಳ. ವಚನಕ್ಕೆ ತ್ರಿಪದಿಯ ಹಾಗೆ ಕಟ್ಟಿದ ಛಂದಸ್ಸು ಇಲ್ಲ. ಸಾಲು ಉದ್ದ ಗಿಡ್ಡ ಆಗುತ್ತದೆ, ತೊಟ್ಟಿಲು ತೂಗುವ ಕೈ ಅಲ್ಲಲ್ಲಿ ತಪ್ಪುತ್ತದೆ. ಆದರೆ ಅದರ ಹತ್ತಿರ ಬೇರೆ ಹಾಡುಗಳಿಗಿಲ್ಲದ ಒಂದು ಆಸ್ತಿ ಇದೆ: ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು. ಬಸವಣ್ಣನವರದಾದರೆ ‘ಕೂಡಲಸಂಗಮದೇವ’, ಅಕ್ಕನದಾದರೆ ‘ಚೆನ್ನಮಲ್ಲಿಕಾರ್ಜುನ’, ಅಲ್ಲಮನದಾದರೆ ‘ಗುಹೇಶ್ವರ’. ದಿನಾ ಅದೇ ವಚನ, ಅದೇ ಅಂಕಿತ. ಒಂದೂವರೆ ಎರಡು ವರ್ಷದ ಮಗುವಿಗೆ ಅಂಕಿತ ಬಂತೆಂದರೆ ಮುಗಿಯಿತು ಎಂಬ ಗುರುತು ಕೂತುಬಿಡುತ್ತದೆ. ‘ಇನ್ನೊಂದು, ಇನ್ನೊಂದು’ ಎಂದು ಹಟ ಮಾಡುವ ವಯಸ್ಸಿಗೆ ಇದರಷ್ಟು ಉಪಯೋಗಕ್ಕೆ ಬರುವ ಹಾಡು ಇನ್ನೊಂದಿಲ್ಲ. ಎಳೆಗೂಸಿಗೆ ತ್ರಿಪದಿ, ನಡೆದಾಡುವ ಮಗುವಿಗೆ ವಚನ: ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಹೀಗೆ ಆರಿಸುತ್ತೇನೆ. ಆರಿಸುವಾಗ ಗಿಡ್ಡ ವಚನ, ಇಳಿದನಿಯ ಧಾಟಿ ನೋಡಿಕೊಳ್ಳಿ. ವೇದಿಕೆಯ ಗಾಯಕರ ಆಲಾಪ ಅನುಕರಿಸಲು ಹೋದರೆ ಕೂಸು ಎದ್ದು ಕೂತು ಕಚೇರಿ ಕೇಳುತ್ತದೆ.

ತತ್ವಪದ ಗಂಡಸರ ಬಾಯಲ್ಲಿ ಹೆಚ್ಚು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಭಜನಾ ಮೇಳಗಳು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಇವೆ. ಅಂಥ ಮನೆಯ ಮುತ್ಯಾ (ಅಜ್ಜ) ಕೂಸು ಎತ್ತಿಕೊಂಡು ಹಾಡಲು ನಿಂತರೆ ಬೇಡ ಎನ್ನಬೇಡಿ, ತಾಳ ಬಿಟ್ಟು ಹಾಡಲಿ ಎಂದು ಹೇಳಿ. ಭಜನೆಯ ಪದ ಸುತ್ತು ಬಂದಂತೆಲ್ಲ ವೇಗ ಹೆಚ್ಚುವಂಥದ್ದು, ನಮಗೆ ಬೇಕಾದದ್ದು ಅದಕ್ಕೆ ಉಲ್ಟಾ. ತಾಳ ತೆಗೆದರೆ ಅದೇ ಪದ ಎದೆಯಾಳದ ಗುನುಗಾಗುತ್ತದೆ. ಗಂಡಸಿನ ತಗ್ಗು ದನಿ ಎದೆಗೆ ಕಿವಿ ಇಟ್ಟ ಕೂಸಿಗೆ ಕೇಳಿಸುವುದಕ್ಕಿಂತ ಹೆಚ್ಚು ಮೈಗೆ ಮುಟ್ಟುತ್ತದೆ. (ಮೊಹರಂನ ರಿವಾಯತ್ ಪದಗಳನ್ನು ಮಾತ್ರ ಹೊರಗೇ ಇಡಿ. ಅವು ಹೆಜ್ಜೆಗೆ ಕಟ್ಟಿದವು, ಮಲಗಿದವರನ್ನೂ ಎಬ್ಬಿಸುತ್ತವೆ.)

ಲೋರಿ, ಮತ್ತು ಎರಡು ಭಾಷೆಯ ಮನೆ

ದಖನಿ ಉರ್ದುವಿನ ಲೋರಿಯನ್ನು ಹೊರಗಿನದೆಂದು ತಿಳಿಯುವವರಿಗೆ ಒಂದು ಮಾತು. ದಖ್ಖನ್ನಿನ ಸೂಫಿಗಳು ಹೆಂಗಸರ ಮನೆಗೆಲಸಕ್ಕೆಂದೇ ಪದ ಕಟ್ಟಿದವರು. ಬೀಸುವಾಗ ಹಾಡಲು ಚಕ್ಕಿನಾಮಾ, ನೂಲುವಾಗ ಚರಖಾನಾಮಾ, ಕೂಸು ತೂಗುವಾಗ ಲೋರಿನಾಮಾ. ಬೀಸುಕಲ್ಲಿನ ಮುಂದೆ ಕೂತ ಕನ್ನಡದವಳೂ ದಖನಿಯವಳೂ ಒಂದೇ ಲಯದ ಮೇಲೆ ಹಾಡಿದವರು. ಖಾಜಾ ಬಂದೇನವಾಜರ ದರ್ಗಾದ ಊರಿನಲ್ಲಿ ಲೋರಿಗೂ ತೊಟ್ಟಿಲ ಪದಕ್ಕೂ ಜಗಳ ಹಚ್ಚುವುದು ಸುಮ್ಮನೆ ಬಾಯಿ ಚಪಲ. ಕರಗುವ ಗುಣದಲ್ಲೂ ಲೋರಿ ಹಿಂದೆ ಬೀಳುವುದಿಲ್ಲ, ಉದ್ದ ಸ್ವರಗಳು ಹೇರಳ, ಸಾಲಿನ ಕೊನೆ ಮೆತ್ತಗೆ.

ತಾಯಿಯ ಮನೆಮಾತು ಒಂದು, ತಂದೆಯದು ಇನ್ನೊಂದು ಆದಾಗ ಯಾವುದು? ಗುರುಮಠಕಲ್, ಸೇಡಂ ಕಡೆ ತೆಲುಗು–ಕನ್ನಡದ ಮನೆಗಳು, ಬೀದರ್ ಕಡೆ ಮರಾಠಿ–ಕನ್ನಡದ ಮನೆಗಳು ಬೇಕಾದಷ್ಟಿವೆ. ಯಾರು ಮಲಗಿಸುತ್ತಾರೋ ಅವರು ತಮ್ಮ ತಾಯಿಯಿಂದ ಕೇಳಿದ್ದನ್ನು ಹಾಡಲಿ. ಕಲಿತ ಭಾಷೆಯ ಹಾಡನ್ನು ನೆನಪಿಸಿಕೊಂಡು ಹಾಡುವವರ ದನಿಯಲ್ಲಿ ಒಂದು ಬಿಗಿ ಇರುತ್ತದೆ, ಕೂಸಿಗೆ ಅದು ಗೊತ್ತಾಗುತ್ತದೆ. ಲಂಬಾಣಿ ತಾಂಡಾದಿಂದ ಬಂದ ತಾಯಿ ಊರೊಳಗಿನ ಬಾಡಿಗೆ ಮನೆಯಲ್ಲಿ ತನ್ನ ಹಾಡು ಹಾಡಲು ನಾಚುವುದನ್ನು ನೋಡಿದ್ದೇನೆ. ನಾಚುವಂಥದ್ದು ಅದರಲ್ಲಿ ಏನೂ ಇಲ್ಲ.

ಸಿನಿಮಾ ಹಾಡು, ಇಂಗ್ಲಿಷ್ ರೈಮ್ಸ್

ಇವೆರಡನ್ನೂ ಬೇಗ ಮುಗಿಸುತ್ತೇನೆ. ಸಿನಿಮಾ ಹಾಡಿನ ಪಲ್ಲವಿ ಬಹಳ ಸಲ ಚೆನ್ನಾಗಿ ಒಗ್ಗುತ್ತದೆ. ತೊಂದರೆ ಇರುವುದು ಚರಣದಲ್ಲಿ. ಅಲ್ಲಿ ಸಂಗೀತ ನಿರ್ದೇಶಕ ದನಿಯನ್ನು ಮೇಲಕ್ಕೆ ಒಯ್ದಿರುತ್ತಾನೆ, ನಮಗೆ ಅಷ್ಟೆತ್ತರ ಏರಲು ಆಗದೆ ದನಿ ಒಡೆಯುತ್ತದೆ, ಕೂಸು ಕಣ್ಣು ಬಿಡುತ್ತದೆ. ನಡುವಿನ ವಾದ್ಯದ ಜಾಗದಲ್ಲಿ ಏನು ಮಾಡಬೇಕೆಂದೂ ತಿಳಿಯುವುದಿಲ್ಲ. ಪಲ್ಲವಿಯನ್ನಷ್ಟೇ ಇಟ್ಟುಕೊಂಡು, ಎರಡು ಸ್ವರ ಕೆಳಗಿನಿಂದ ಎತ್ತಿಕೊಂಡರೆ ಅಪ್ಪಂದಿರಿಗೆ ಇದು ಒಳ್ಳೆಯ ದಾರಿ. ಬೇರೇನೂ ಬಾರದ ಅಪ್ಪ ಸುಮ್ಮನಿರುವುದಕ್ಕಿಂತ ಹಳೇ ಸಿನಿಮಾದ ಎರಡು ಸಾಲು ಹಾಡುವುದು ಎಷ್ಟೋ ಮೇಲು.

ಇಂಗ್ಲಿಷ್ ರೈಮ್ಸ್ ಬಹುಪಾಲು ಕೈ ಬಾಯಿ ಆಡಿಸುತ್ತ ಹೇಳುವ ಹಗಲಿನ ಆಟ. ಅಂಗನವಾಡಿಯ ಅಭಿನಯ ಗೀತೆಗಳಿಗೂ ಅದೇ ಮಾತು. ಶಾಲೆಗೆ ಮೊದಲೇ ಇಂಗ್ಲಿಷ್ ಕಿವಿಗೆ ಬೀಳಲಿ ಎಂಬ ಆಸೆಗೆ ನಿದ್ದೆಯ ಹೊತ್ತನ್ನು ಬಲಿ ಕೊಡಬೇಡಿ, ಬೆಳಿಗ್ಗೆ ಎಣ್ಣೆ ತಿಕ್ಕಿ ಎರೆಯುವಾಗ ಹೇಳಿ.

ಮೊಬೈಲು ಹಾಡಿದರೆ?

ಎಲ್ಲ ಮನೆಯಲ್ಲೂ ಈಗ ಇದೇ ಹೆಚ್ಚು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕೂಲಿಗೆ ಹೋಗಿ ಬಂದು ರೊಟ್ಟಿ ಬಡಿಯಬೇಕಾದ ಹೆಣ್ಣುಮಗಳು ಅರ್ಧ ತಾಸು ಮೊಬೈಲು ಹಚ್ಚಿಟ್ಟರೆ ಅವಳನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಮೊಬೈಲಿಗೆ ಕರಗಲು ಬರುವುದಿಲ್ಲ. ಕೂಸಿನ ರೆಪ್ಪೆ ಭಾರವಾಯಿತೆಂದು ಅದು ದನಿ ತಗ್ಗಿಸುವುದಿಲ್ಲ, ಲಯ ಇಳಿಸುವುದಿಲ್ಲ. ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಜಾಹೀರಾತು ಕೂಗುತ್ತದೆ, ಇಲ್ಲವೇ ಜೋಗುಳ ಮುಗಿದು ಡೋಲಿನ ಹಾಡು ತಾನಾಗಿ ಶುರುವಾಗುತ್ತದೆ.

ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಖಚಿತವಾಗಿ ಹೇಳಿದೆ: ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡು ವರ್ಷ ತುಂಬಿದ ಮೇಲೂ ದಿನಕ್ಕೆ ಒಂದು ತಾಸು ಮೀರಬಾರದು. ಬರೀ ದನಿ ಕೇಳಿಸುತ್ತೇವೆ ಎನ್ನುವವರು ದೂರವನ್ನು ನೋಡಿಕೊಳ್ಳಬೇಕು. ಕೂಸುಗಳನ್ನು ಮಲಗಿಸಲು ಮಾರುವ 14 ಸದ್ದಿನ ಯಂತ್ರಗಳನ್ನು ಟೊರಾಂಟೊದಲ್ಲಿ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ತಿ ಜೋರು ಇಟ್ಟಾಗ ಒಂದು ಅಡಿ ದೂರದಲ್ಲಿ ಎಲ್ಲವೂ 50 ಡೆಸಿಬಲ್ ದಾಟಿದ್ದವು. ಆಸ್ಪತ್ರೆಗಳ ನವಜಾತ ಶಿಶು ಕೋಣೆಗೆ ಹಾಕಿಕೊಂಡ ಮಿತಿ ಅದು. ಮೂರು ಯಂತ್ರಗಳು 85 ಡೆಸಿಬಲ್ ಮೀರಿದ್ದವು. ದಿಂಬಿನ ಕೆಳಗೆ, ತೊಟ್ಟಿಲ ಕಟ್ಟಿನೊಳಗೆ ಫೋನ್ ತೂರಿಸುವ ರೂಢಿ ಬಿಡಿ. ಕೋಣೆಯ ಆಚೆ ತುದಿಗೆ, ಪರದೆ ಕೆಳಮುಖ ಮಾಡಿ, ನೀವು ಎದುರು ಕೂತು ಮೆತ್ತಗೆ ಮಾತಾಡಿದರೂ ಕೇಳುವಷ್ಟು ಸಣ್ಣ ದನಿಯಲ್ಲಿ ಇಡಿ. ಮೊದಲೇ ಇಳಿಸಿಕೊಂಡ ಒಂದೇ ಹಾಡು ಇರಲಿ, ನೆಟ್ ಬಂದ್ ಇರಲಿ.

ಕೂಲರ್, ಫರಸಿ ನೆಲ, ಜೋಲಿ

ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಹಾಡಿಗೆ ಎದುರಾಳಿ ಕೂಲರ್. ಅದರ ಭೋರ್ಗರೆತದ ಮೇಲೆ ದನಿ ಎತ್ತಿ ಹಾಡಲು ಹೋದರೆ ಜೋಗುಳ ಕೂಗಾಟವಾಗುತ್ತದೆ. ಕೂಲರ್ ನಡೆಯುವ ಕೋಣೆಯಲ್ಲಿ ಶಬ್ದ ಬಿಡಿ, ಕೂಸನ್ನು ಎದೆಗೆ ಒತ್ತಿಕೊಂಡು ಗುನುಗಿ. ಕರೆಂಟ್ ಹೋದಾಗ ಒಮ್ಮೆಲೇ ಬೀಳುವ ಮೌನಕ್ಕೆ ಕೂಸು ಬೆಚ್ಚಿ ಏಳುತ್ತದೆ, ಆ ಕ್ಷಣಕ್ಕೆ ಗೊತ್ತಿರುವ ಒಂದು ಪದ ಸಿದ್ಧವಿದ್ದರೆ ಎತ್ತಿಕೊಂಡು ಓಡಾಡುವ ಕೆಲಸ ತಪ್ಪುತ್ತದೆ. ಮಾಳಿಗೆಯ ಮೇಲೆ ಮಲಗುವ ದಿನಗಳಲ್ಲಿ ದನಿ ಗಾಳಿಗೆ ಹಾರಿಹೋಗುವುದರಿಂದ ತುಸು ಬಾಯಿಬಿಟ್ಟು ಹಾಡಬಹುದು. ಕೆಳಗೆ ಶಹಾಬಾದ ಫರಸಿ ಕಲ್ಲು ಹಾಸಿದ ಖಾಲಿ ಕೋಣೆಯಲ್ಲಿ ಮಾತ್ರ ಸಣ್ಣ ಚಪ್ಪಾಳೆಯೂ ಗೋಡೆಗೆ ಬಡಿದು ವಾಪಸು ಬರುತ್ತದೆ. ಅಲ್ಲಿ ಚುಟುಕು ಅಕ್ಷರಗಳ ಹಾಡಿಗಿಂತ ಎಳೆದು ಹಾಡುವ ಪದವೇ ಮೇಲು.

ತೊಟ್ಟಿಲಿಗೂ ಸೀರೆಯ ಜೋಲಿಗೂ ಲಯ ಬೇರೆ. ಕಟ್ಟಿಗೆಯ ತೊಟ್ಟಿಲು ಭಾರ, ನಿಧಾನ ತೂಗುತ್ತದೆ, ತ್ರಿಪದಿಗೆ ಹೇಳಿ ಮಾಡಿಸಿದ ಜೋಡಿ. ಬೇವಿನ ಕೊಂಬೆಗೋ ತೊಲೆಗೋ ಕಟ್ಟಿದ ಜೋಲಿ ಹಗುರ, ಗಿಡ್ಡ ಗಿಡ್ಡ ಓಲಾಟ. ಅದಕ್ಕೆ ಪೂರ್ತಿ ಪದ ಹೊಂದುವುದಿಲ್ಲ, ಬರೀ ‘ಜೋ ಜೋ’ ಸಾಕು. ನಿದ್ದೆ ಹತ್ತಿದ ಮೇಲೆ ಜೋಲಿಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಕುತ್ತಿಗೆ ಮಡಚಿ ಉಸಿರಿಗೆ ತೊಂದರೆಯಾಗುವ ಅಪಾಯ ಎಳೆಗೂಸಿಗೆ ಇದೆ. ಸಪಾಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

ಎಷ್ಟು ಹೊತ್ತು, ಎಷ್ಟು ವಯಸ್ಸಿನವರೆಗೆ?

ಹೊಟ್ಟೆಯಲ್ಲಿದ್ದಾಗಲೇ ತಾಯಿಯ ದನಿ ಕೇಳಿದ ಕೂಸು ಅದನ್ನು ಗುರುತಿಸಿಯೇ ಹುಟ್ಟುತ್ತದೆ, ಹಾಗಾಗಿ ಮೊದಲ ಮೂರು ತಿಂಗಳು ಹಾಡಿಗಿಂತ ದನಿಯೇ ಮುಖ್ಯ, ಏನು ಹಾಡಿದರೂ ನಡೆಯುತ್ತದೆ. ಆಮೇಲೆ ದಿನಾ ಒಂದೇ ಹಾಡು, ಒಂದೇ ಕ್ರಮ: ಕೈಕಾಲು ಒರೆಸುವುದು, ಹಾಲು, ದೀಪ, ಹಾಡು. ಒಂದರಿಂದ ಎರಡು ವರ್ಷದವರಿಗೆ ಹಗಲು ರಾತ್ರಿ ಸೇರಿ 11ರಿಂದ 14 ತಾಸು, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ತಾಸು ನಿದ್ದೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ರಾತ್ರಿ ಹನ್ನೊಂದರವರೆಗೆ ಮದುವೆಮನೆಯ ಡಿಜೆ ಕೇಳಿಸಿ, ಆಮೇಲೆ ಯಾವ ಹಾಡಿಗೂ ಮಲಗುತ್ತಿಲ್ಲ ಎಂದರೆ ಹಾಡಿನ ತಪ್ಪೇನಿದೆ? ಮೂರು ವರ್ಷ ದಾಟಿದ ಮೇಲೆ ಮಕ್ಕಳು ಕಥೆ ಕೇಳುತ್ತಾರೆ. ಕೇಳಲಿ. ಕಥೆ ಮೊದಲು, ಹಾಡು ಕೊನೆಗೆ. ಕಥೆಯ ಕೊನೆಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಉಳಿಯುತ್ತದೆ, ಹಾಡು ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ.

ಒಂದು ವಿಷಯ ಪಕ್ಕಕ್ಕೆ ಸರಿಸಬಾರದು. ಆರು ತಿಂಗಳಾದರೂ ಕೂಸು ದನಿ ಬಂದ ಕಡೆ ತಲೆ ತಿರುಗಿಸದಿದ್ದರೆ, ಹಾಡು ನಿಲ್ಲಿಸಿದ್ದೂ ಶುರು ಮಾಡಿದ್ದೂ ಅದಕ್ಕೆ ಒಂದೇ ಅನ್ನಿಸಿದರೆ, ‘ಶಾಂತ ಕೂಸು’ ಎಂದು ಹಿಗ್ಗದೆ ಕಿವಿ ಪರೀಕ್ಷೆ ಮಾಡಿಸಿ. ಸೋದರಮಾವ, ಅತ್ತೆಮಕ್ಕಳ ಸಂಬಂಧದ ಮದುವೆ ಹೆಚ್ಚಿರುವ ನಮ್ಮ ಕಡೆ ಹುಟ್ಟು ಕಿವುಡಿನ ಸಾಧ್ಯತೆಯೂ ಹೆಚ್ಚು.

ಅಜ್ಜಿಯಿಂದ ಪದ ಇಳಿಸಿಕೊಳ್ಳುವವರಿಗೆ

ತೊಟ್ಟಿಲ ಪದವನ್ನೇ ಆರಿಸಿಕೊಂಡಿರಿ, ಆದರೆ ಬರುವುದಿಲ್ಲ ಎಂದರೆ ಹಬ್ಬಕ್ಕೆ ಊರಿಗೆ ಹೋದಾಗ ಇಳಿಸಿಕೊಳ್ಳಿ. ಅಜ್ಜಿಯನ್ನು ಕುರ್ಚಿಯ ಮೇಲೆ ಕೂಡಿಸಿ, ಮುಖದ ಮುಂದೆ ಫೋನ್ ಹಿಡಿದು ‘ಹಾಡಬೇ’ ಎಂದರೆ ಒಂದು ಪದಕ್ಕೇ ‘ಮುಂದಿಂದು ನೆಪ್ಪ ಆಗವಲ್ದು’ ಎನ್ನುತ್ತಾಳೆ. ಅದೇ ಕೈಗೆ ತೊಟ್ಟಿಲ ಹಗ್ಗ ಕೊಡಿ, ಇಲ್ಲವೇ ಕೂಸನ್ನು ತೊಡೆಗೆ ಹಾಕಿ. ಕೈ ಆಡತೊಡಗಿದರೆ ಪದ ಒಂದರ ಹಿಂದೆ ಒಂದು ಬರುತ್ತದೆ. ಫ್ಯಾನ್, ಕೂಲರ್ ಬಂದ್ ಮಾಡಿ, ಫೋನನ್ನು ಮೊಳದಷ್ಟು ದೂರ ಹಾಸಿಗೆಯ ಮೇಲೆ ಇಡಿ, ನೆಲದ ಮೇಲಿಟ್ಟರೆ ತೊಟ್ಟಿಲ ಕಿರ್ರೆನ್ನುವಿಕೆಯೇ ಹೆಚ್ಚು ಹಿಡಿಯುತ್ತದೆ. ಆ ದನಿಯನ್ನು ಕೂಸಿಗೆ ಹಚ್ಚಿಡಲು ಬಳಸಬೇಡಿ. ಕೆಲಸ ಮಾಡುತ್ತ ನೀವು ಕೇಳಿ, ಎರಡು ಪದ ಬಾಯಿಗೆ ಬಂದ ದಿನದಿಂದ ಹಾಡಲು ಶುರು ಮಾಡಿ, ಉಳಿದವು ಆಮೇಲೆ ಕೂಡಿಸಿಕೊಂಡರಾಯಿತು.